ಎಳೆ ಇಲ್ಲದ ಮಾತು
ನಾರಾಯಣಪೇಟೆಯ ನೇಕಾರ ಶರಣಯ್ಯನವರ ಪ್ರಕಾರ ಎಳೆ ಇಲ್ಲದೆ ಯಾವುದೂ ಎಲ್ಲಿಗೂ ಹೋಗಿ ಮುಟ್ಟುವುದಿಲ್ಲ. ತೆಲಂಗಾಣ ರಾಜ್ಯವಾದ ವರ್ಷ ಊರೆಲ್ಲ ಮೊಬೈಲು ಹಿಡಿದರೂ ಅವರು ತಂತಿಯ ಫೋನನ್ನೇ ಇಟ್ಟುಕೊಂಡು, ಮಾತಿಗೆ ಮುಂಚೆ ಆ ತಂತಿಯನ್ನು ಮಗ್ಗದ ಎಳೆಯಂತೆ ಮೀಟಿ ನೋಡುತ್ತಿದ್ದರು. ಮೊಬೈಲ್ ಅಂಗಡಿಯ ಮಹೇಂದರ್ ಹಬ್ಬಕ್ಕೊಂದು ಹೊಸತು ತರುತ್ತಾನೆ. ಈ ಸಲ ತಂತಿಯಿಲ್ಲದೆ ಚಾರ್ಜ್ ಆಗುವ ಫೋನು. "ನೂಲಿಲ್ಲದ ಸೀರಿ ತೋರಿಸಿದಂಗ ಐತಿ ನಿನ್ನ ಮಾತು. ಇರಲಿ, ಮುಂದಿನ ವರ್ಷ ನೋಡೂಣು," ಎಂದು ಶರಣಯ್ಯನವರು ಲಾಳಿ ಒಗೆಯುತ್ತಾರೆ. ಹೊತ್ತು ಮುಳುಗುವಾಗ ಮಗ್ಗದ ಸದ್ದು ತಾನೇ ತಗ್ಗುತ್ತದೆ. ತೀರಿಹೋದ ಹೆಂಡತಿ ಗುರುಲಿಂಗಮ್ಮ ಕೂತು ನೂಲು ಸುತ್ತುತ್ತಿದ್ದ ರಾಟೆಯ ಕಡೆ ತಿರುಗಿ, "ಸೆರಗಿಗೆ ಕೆಂಪು ಹಾಕ್ಲೇನ?" ಎಂದು ಮೆಲ್ಲಗೆ ಕೇಳುತ್ತಾರೆ. ತುಸು ಹೊತ್ತು ಕಿವಿಗೊಟ್ಟು, ತಲೆಯಾಡಿಸಿ, ಲಾಳಿಗೆ ಹಸಿರು ನೂಲು ತುಂಬುತ್ತಾರೆ.