ಮಗ್ಗದ ಮನೆಯ ಡಾನ್ಸ್ ಕ್ಲಾಸು

ರಬಕವಿ-ಬನಹಟ್ಟಿಯನ್ನು ಯಾರೂ ಮಹಾನಗರ ಅನ್ನುವುದಿಲ್ಲ, ನನಗೂ ಗೊತ್ತು. ಆದರೆ ಸಾವಳಗಿಯ ತೋಟದ ಮನೆಯಲ್ಲಿ ಹುಟ್ಟಿ, ಅದೇ ಊರಿನ ಸೋದರಮಾವನ ಮಗನನ್ನು ಮದುವೆಯಾಗಿ, ಮೂವತ್ತಾರು ವರ್ಷ ಒಂದೇ ಊರಿನ ನೀರು ಕುಡಿದವಳಿಗೆ ಅದು ದೊಡ್ಡ ಶಹರವೇ. ನಮ್ಮವರಿಗೆ ಸಮೀರವಾಡಿಯ ಸಕ್ಕರೆ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತ್ತು. ಓಡಾಡಲು ಸಮೀಪವೆಂದು ಬನಹಟ್ಟಿಯಲ್ಲಿ ಬಾಡಿಗೆ ಮನೆ ಹಿಡಿದೆವು. ಮೊದಲ ವಾರ ಹಾಲು ತರಲು ಹೋಗಿ ಎರಡು ಸಲ ದಾರಿ ತಪ್ಪಿದೆ. ಯಾವ ಓಣಿಗೆ ಹೊಕ್ಕರೂ ಪಾವರ್‌ಲೂಮಿನ ಅದೇ ಖಟಪಟ, ಅದೇ ನೂಲಿನ ಧೂಳು. ಎದುರಿಗೆ ನಿಂತವರ ಮಾತು ಕೇಳಬೇಕಾದರೆ ಅವರ ಬಾಯಿ ನೋಡಬೇಕು.

ಸಾಮಾನು ಜೋಡಿಸಿ ಮುಗಿದ ದಿನವೇ ನಮ್ಮವರಿಗೆ ಹೇಳಿದೆ, ನಾನು ಭರತನಾಟ್ಯ ಕಲಿಯುತ್ತೇನೆ ಅಂತ. ಸಾಲಿಯಲ್ಲಿದ್ದಾಗ ವರ್ಷಕ್ಕೊಮ್ಮೆ ಆಗುವ ಗ್ಯಾದರಿಂಗಿನಲ್ಲಿ ಕುಣಿಯಬೇಕೆಂದು ನನಗೆ ಜೀವದಾಸೆ. ಉದ್ದ ಇದ್ದೇನೆಂದು ಪ್ರತಿ ವರ್ಷ ಪರದೆ ಎಳೆಯಲು ಹಚ್ಚಿದರು. ಏಳು ವರ್ಷ ಪರದೆ ಎಳೆದು, ಏಳು ವರ್ಷ ಬೇರೆಯವರು ಕುಣಿದದ್ದನ್ನು ಸಂದಿಯಿಂದ ನೋಡಿದೆ. ಊರಲ್ಲಿ ಕಲಿಸುವವರು ಯಾರೂ ಇರಲಿಲ್ಲ. ಈಗ ಶಹರಕ್ಕೆ ಬಂದಿದ್ದೇನೆ, ಇನ್ನೂ ಯಾಕೆ ಬಾಯಿ ಮುಚ್ಚಿಕೊಂಡಿರಲಿ? ನಮ್ಮವರು ಹೊಟ್ಟೆ ಹಿಡಿದು ನಕ್ಕರು, ಆದರೆ ಬೇಡ ಅನ್ನಲಿಲ್ಲ. ಮನುಷ್ಯ ಒಳ್ಳೆಯವರೇ, ನಗು ಮಾತ್ರ ಸ್ವಲ್ಪ ಜಾಸ್ತಿ.

ಫೋನಿನಲ್ಲಿ ಹುಡುಕಿದಾಗ ಮೊದಲು ಸಿಕ್ಕಿದ್ದು ಜಮಖಂಡಿಯ ಒಂದು ಕ್ಲಾಸು. ಬಟ್ಟೆ ಅಂಗಡಿಯ ಮೇಲಿನ ಮಾಳಿಗೆಯಲ್ಲಿತ್ತು. ಅಲ್ಲಿನ ಮಾಸ್ತರನಿಗೆ ಇಪ್ಪತ್ತೈದು ಇದ್ದೀತು. ನನ್ನ ಹಿಂದೆ ಮುಂದೆ ನೋಡಿ, ಮಗು ಎಲ್ಲಿ ಎಂದು ಕೇಳಿದ. ಮಗು ಇಲ್ಲ, ನಾನೇ ಎಂದೆ. ಅವನು ಫಾರ್ಮನ್ನು ತಿರುಗಿಸಿ ತೋರಿಸಿದ. ಕೆಳಗೆ ಪಾಲಕರ ಸಹಿ ಎಂದು ಅಚ್ಚಾಗಿತ್ತು, ಅದಿಲ್ಲದೆ ಸೇರಿಸಿಕೊಳ್ಳಲು ಬರುವುದಿಲ್ಲವಂತೆ. ಹಾಗಾದರೆ ಸಾವಳಗಿಯಿಂದ ನಮ್ಮವ್ವನನ್ನು ಕರೆಸಲೇ ಎಂದು ಕೇಳಿದೆ. ಅವನು ಪಾಪ, ಖರೆ ವಿಚಾರ ಮಾಡತೊಡಗಿದ. ನನಗೆ ಸಿಟ್ಟು ನೆತ್ತಿಗೇರಿತು. ದಡದಡ ಮೆಟ್ಟಿಲಿಳಿದು ಬಂದುಬಿಟ್ಟೆ.

ಮುಧೋಳದಲ್ಲಿ ಬೂಟು ಹಾಕಿಕೊಂಡು ಸಿನಿಮಾ ಹಾಡಿಗೆ ಕುಣಿಸುತ್ತಿದ್ದರು. ಅಲ್ಲಿಯ ಹುಡುಗಿ ಬಹಳ ನಯವಾಗಿ, ಆಂಟಿ, ತೂಕ ಇಳಿಸೋ ಬ್ಯಾಚು ಬೆಳಿಗ್ಗೆ ಆರಕ್ಕೆ ಎಂದಳು. ಬೀಳಗಿಯ ವಿಳಾಸ ಹಿಡಿದು ಹೋದರೆ ಅಲ್ಲಿ ಝೆರಾಕ್ಸ್ ಅಂಗಡಿಯಿತ್ತು. ಇಷ್ಟು ದೂರ ಬಂದು ಬರಿಗೈಲಿ ಹೋಗುವುದೆಂತು ಎಂದು ಆಧಾರ್ ಕಾರ್ಡಿನ ಎರಡು ಪ್ರತಿ ತೆಗೆಸಿಕೊಂಡು ಬಂದೆ. ಮಹಾಲಿಂಗಪುರದ ಬಸ್‌ಸ್ಟ್ಯಾಂಡಿನಲ್ಲಿ ಇಳಿದು ಹತ್ತುವ ನನ್ನ ಮುಖ ಕಂಡಕ್ಟರುಗಳಿಗೆ ಪರಿಚಯವಾಯಿತು. ನೀನು ಬಸ್ಸಿನಲ್ಲಿ ನಿಂತು ನಿಂತೇ ಅರ್ಧ ನಾಟ್ಯ ಕಲಿತಿದ್ದೀಯ ಎಂದು ನಮ್ಮವರು ಅಣಕಿಸಿದರು.

ಹೋದಲ್ಲೆಲ್ಲ ಆ ಒಂದೇ ಪ್ರಶ್ನೆ, ಮಗು ಎಲ್ಲಿ? ನಮಗೆ ಮಕ್ಕಳಿಲ್ಲ. ಅದಕ್ಕಾಗಿ ಅಳುವಷ್ಟು ಅತ್ತು ಮುಗಿಸಿದ್ದೇವೆ. ಆದರೂ ಆ ಪ್ರಶ್ನೆಗೆ ಪ್ರತಿ ಸಲ ಎದೆ ಚುರುಕ್ ಅನ್ನುತ್ತಿತ್ತು, ಸುಳ್ಳು ಯಾಕೆ ಹೇಳಲಿ.

ಇಷ್ಟೆಲ್ಲ ಊರು ಸುತ್ತಿದ ಮೇಲೆ ಕ್ಲಾಸು ಸಿಕ್ಕಿದ್ದು ನಮ್ಮ ಮನೆಯಿಂದ ಎರಡೇ ಓಣಿ ಆಚೆ. ದಿನಾ ಆ ಮನೆಯ ಮುಂದೆಯೇ ಕಾಯಿಪಲ್ಲೆಗೆ ಹೋಗುತ್ತಿದ್ದೆ. ಗೆಜ್ಜೆ ಸದ್ದಿಗೆ ಕಿವಿಗೊಟ್ಟು ನಡೆಯುವುದು ನನಗೆ ಚಟವಾಗಿತ್ತು, ಆದರೆ ಆ ಮಗ್ಗಗಳ ಮಧ್ಯೆ ಗುಡುಗಿದರೂ ಕೇಳಲಿಕ್ಕಿಲ್ಲ. ಒಂದು ಸಂಜೆ ನೋಡುತ್ತೇನೆ, ಮಗ್ಗದ ಮನೆಯ ಬಾಗಿಲಲ್ಲಿ ಸಣ್ಣ ಸಣ್ಣ ಚಪ್ಪಲಿಗಳ ರಾಶಿ. ನೇಕಾರರ ಮನೆಯಲ್ಲಿ ಇಷ್ಟು ಹುಡುಗಿಯರಿಗೆ ಏನು ಕೆಲಸ ಎಂದು ಒಳಗೆ ಹಣಿಕಿಕ್ಕಿದೆ. ಒಂದು ಕಡೆ ನಾಲ್ಕು ಮಗ್ಗ ಓಡುತ್ತಿವೆ. ಮಗ್ಗುಲಿನ ಪಡಸಾಲೆಯಲ್ಲಿ ಹದಿನೈದು ಹುಡುಗಿಯರು ಮಂಡಿ ಅರ್ಧ ಬಗ್ಗಿಸಿ, ಅರಮಂಡಿಯಲ್ಲಿ ಹೆಜ್ಜೆ ಹಾಕುತ್ತಿದ್ದಾರೆ. ಎದುರಿಗೆ ಅರವತ್ತರ ಆಸುಪಾಸಿನ ಒಬ್ಬ ಹೆಂಗಸು, ಇಳಕಲ್ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ನಿಂತಿದ್ದಾರೆ. ಹುಡುಗಿಯರು ಅವರನ್ನು ಅಕ್ಕಾರು ಅನ್ನುತ್ತಿದ್ದರು.

ಮಗಳನ್ನ ಹಚ್ಚಬೇಕೇನ್ರಿ ಎಂದು ಅವರು ಕೇಳಿದರು. ಮತ್ತೆ ಅದೇ ಮಾತು. ನಾನೇ ಎಂದು ಹೇಳಿ ಇಲ್ಲೂ ಬಾಗಿಲು ಮುಚ್ಚಿಸಿಕೊಳ್ಳುವ ಧೈರ್ಯ ಆಗಲಿಲ್ಲ. ಹೌದು, ಮಗಳಿಗೆ, ಸಾವಳಗಿಯಲ್ಲಿ ಅಜ್ಜಿಯ ಹತ್ತಿರ ಇದ್ದಾಳೆ, ಬರುವ ತಿಂಗಳು ಬರುತ್ತಾಳೆ, ಅಲ್ಲಿತನಕ ನಾನು ಕೂತು ನೋಡಲೇ ಎಂದೆ. ಇಷ್ಟು ಚೆಂದ ಸುಳ್ಳು ಹೇಳಬಲ್ಲೆ ಎಂದು ನನಗೂ ಗೊತ್ತಿರಲಿಲ್ಲ.

ದಿನಾ ಐದಕ್ಕೆ ಹೋಗಿ ಬಾಗಿಲ ಹತ್ತಿರ ಕೂತೆ. ಆರನೆಯ ದಿನ ಅಕ್ಕಾರು ನನ್ನ ಪಕ್ಕ ಬಂದು ಕೂತು, ಕಿವಿಯ ಹತ್ತಿರ ಬಾಗಿ ಮಗಳ ವಯಸ್ಸು ಕೇಳಿದರು. ಏಳು ಎಂದೆ.

"ಮೊದಲನೇ ದಿನ ಒಂಬತ್ತ ಅಂದಿದ್ರಿ. ಐದ ದಿನದಾಗ ಎರಡ ವರ್ಸ ಸಣ್ಣಾಕಿ ಆದಳಲ್ರಿ."

ಅವರು ನಗುತ್ತಿದ್ದರು. ನನಗೆ ನಗಲು ಬರಲಿಲ್ಲ. ಮಗಳೇ ಇಲ್ಲ, ಕಲಿಯಬೇಕಾದವಳು ನಾನೇ ಎಂದು ಒಂದೇ ಉಸಿರಿಗೆ ಹೇಳಿ, ಎದ್ದು ಹೋಗಲು ಚಪ್ಪಲಿ ಹುಡುಕತೊಡಗಿದೆ. ಕಣ್ಣು ತುಂಬಿ ಚಪ್ಪಲಿಯೂ ಕಾಣಲಿಲ್ಲ. ಅಕ್ಕಾರು ನನ್ನ ಮುಖ ನೋಡಲೇ ಇಲ್ಲ, ನನ್ನ ಪಾದ ನೋಡುತ್ತಿದ್ದರು.

"ವಯಸ್ಸಿಂದ ನನಗೇನ ತ್ರಾಸ ಇಲ್ರಿ. ಆದ್ರ ಇಲ್ಲಿ ತಾಳ ಮಗ್ಗದ್ದು. ಅದು ಕಾಲಿಗೆ ಸಿಗಬೇಕು. ದೀಪಾವಳಿತನಾ ನೋಡೂಣು. ಸಿಗಲಿಲ್ಲಂದ್ರ ಬ್ಯಾಡ ಅಂತ ಖರೇನ ಹೇಳ್ತೇನಿ, ಸಿಟ್ಟಾಗಬಾರದ ಮತ್ತ."

ಅದರ ಅರ್ಥ ನಿಧಾನಕ್ಕೆ ತಿಳಿಯಿತು. ಅಕ್ಕಾರು ಹುಡುಗಿಯಾಗಿದ್ದಾಗ ಧಾರವಾಡದಲ್ಲಿ ನಾಟ್ಯ ಕಲಿತವರು, ಆಮೇಲೆ ಈ ನೇಕಾರರ ಮನೆಗೆ ಸೊಸೆಯಾಗಿ ಬಂದವರು. ಕ್ಲಾಸಿಗಾಗಿ ಮಗ್ಗ ನಿಲ್ಲಿಸಲು ಆಗುವುದಿಲ್ಲ, ಮಗ್ಗ ಓಡುವಾಗ ತಾಳಕ್ಕೆಂದು ಕೋಲಿನಿಂದ ಮಣೆ ತಟ್ಟಿದರೆ ಯಾರಿಗೂ ಕೇಳುವುದಿಲ್ಲ. ಹಾಗಾಗಿ ಅವರು ಮಗ್ಗದ ಬಡಿತಕ್ಕೇ ಹೆಜ್ಜೆ ಹೊಂದಿಸಿದ್ದರು. ಎಂಟು ಬಡಿತಕ್ಕೆ ಒಂದು ಸುತ್ತು, ವೇಗ ಬೇಕಾದರೆ ನಾಲ್ಕಕ್ಕೆ. ಮಗ್ಗದ ಮನೆಯಲ್ಲಿ ತೊಟ್ಟಿಲು ತೂಗಿಸಿಕೊಂಡ ಆ ಹುಡುಗಿಯರಿಗೆ ಅದು ಉಸಿರಿನಷ್ಟು ಸಲೀಸು. ಅವರು ಕಿವಿಯಿಂದ ಕೇಳುವುದೇ ಇಲ್ಲ, ನೆಲದ ನಡುಕ ಅಂಗಾಲಿಗೆ ಗೊತ್ತಾಗುತ್ತದೆ. ಕರೆಂಟು ಹೋಗಿ ಮಗ್ಗ ನಿಂತರೆ ಎಲ್ಲರೂ ಇದ್ದಲ್ಲೇ ನಿಂತುಬಿಡುತ್ತಾರೆ, ಒಂದು ಕಾಲು ಮೇಲಿದ್ದರೆ ಮೇಲೇ. ಕರೆಂಟು ಬಂದ ಕೂಡಲೇ ಅಲ್ಲಿಂದಲೇ ಮುಂದುವರಿಯುತ್ತಾರೆ. ಮೊದಲ ಸಲ ನೋಡಿದಾಗ ನಾನು ನಕ್ಕುಬಿಟ್ಟಿದ್ದೆ.

ನನ್ನ ಅಂಗಾಲಿಗೆ ಗೊತ್ತಿದ್ದದ್ದು ಕಬ್ಬಿನ ಹೊಲದ ಮಣ್ಣು. ನಾಲ್ಕು ಮಗ್ಗ ನಾಲ್ಕು ಕಡೆಯಿಂದ ಬಡಿಯುವಾಗ ಯಾವುದನ್ನು ಹಿಡಿಯಲಿ? ಹಿಂದಿನ ಸಾಲಿನಲ್ಲಿ ನಿಂತು, ಮುಂದಿನ ಹುಡುಗಿಯ ಹಿಮ್ಮಡಿ ನೋಡಿ ಕಾಲು ಎತ್ತುತ್ತಿದ್ದೆ. ಅವಳು ಇಳಿಸುವಾಗ ನನ್ನದು ಏರುತ್ತಿತ್ತು. ಬಿದ್ದು ಬಿದ್ದು ನಗುವ ವಯಸ್ಸಿನ ಮಕ್ಕಳು, ನಕ್ಕರು. ಆದರೆ ಸಂಜೆ ಮುಗಿದ ಮೇಲೆ ಅದೇ ಮಕ್ಕಳು ನನ್ನ ಮಂಡಿ ಹಿಡಿದು ತಿದ್ದುತ್ತಿದ್ದರು.

ಮನೆಯಲ್ಲೂ ಬಿಡಲಿಲ್ಲ. ನಮ್ಮ ಅಡುಗೆಮನೆಯ ಗೋಡೆಯಾಚೆ ಪಕ್ಕದವರ ಮಗ್ಗವಿತ್ತು. ಮಧ್ಯಾಹ್ನ ಊಟವಾದ ಮೇಲೆ ನೆಲದ ಮೇಲೆ ಮಲಗಿ, ಎರಡೂ ಅಂಗಾಲನ್ನು ಗೋಡೆಗೆ ಒತ್ತಿ ಎಣಿಸುತ್ತಿದ್ದೆ. ಒಂದು ದಿನ ನಮ್ಮವರು ಬೇಗ ಬಂದು ಆ ಅವತಾರ ಕಂಡು ಗಾಬರಿಯಾದರು. ನಾನು ವಿಷಯ ಹೇಳಿದೆ. ನಕ್ಕು ಸಾಕು ಮಾಡುತ್ತಾರೆ ಅಂದುಕೊಂಡಿದ್ದೆ. ಅವರು ಅಂಗಿ ಬಿಚ್ಚಿ ಗೂಟಕ್ಕೆ ಹಾಕಿ, ಪಕ್ಕದಲ್ಲಿ ಮಲಗಿ, ತಮ್ಮ ಕಾಲನ್ನೂ ಗೋಡೆಗೆ ಹಚ್ಚಿದರು. ಸ್ವಲ್ಪ ಹೊತ್ತಿನ ಮೇಲೆ, ಏನೂ ಗೊತ್ತಾಗವಲ್ಲದು ಅಂದರು. ನನಗೂ ಆಗುತ್ತಿರಲಿಲ್ಲ. ಆ ಮನುಷ್ಯನ ಮೇಲೆ ನನಗೆ ಎಂದೂ ಇಲ್ಲದ ಪ್ರೀತಿ ಬಂತು.

ದೀಪಾವಳಿಗೆ ಐದು ದಿನ ಉಳಿದಿತ್ತು. ಆ ಸಂಜೆ ಅಕ್ಕಾರು ನನ್ನನ್ನು ಜಾಸ್ತಿ ತಿದ್ದಲಿಲ್ಲ. ಕೈಬಿಟ್ಟರು, ನಾಳೆಯೋ ನಾಡಿದ್ದೋ ಹೇಳಿಬಿಡುತ್ತಾರೆ ಅಂದುಕೊಂಡೆ. ಹೋಗುವುದು ಹೇಗೂ ಹೋಗುತ್ತದೆ, ಇವತ್ತಾದರೂ ಆಚೀಚೆ ನೋಡದೆ ಕುಣಿಯೋಣ ಎಂದು ಕಣ್ಣು ಮುಚ್ಚಿಕೊಂಡೆ. ತೈಯಾ ತೈ, ತೈಯಾ ತೈ. ಎಡಗಾಲು, ಬಲಗಾಲು. ತುಸು ಹೊತ್ತಿಗೆ ಎಣಿಕೆ ಮರೆತುಹೋಯಿತು, ಕಾಲು ತಾನೇ ಬೀಳತೊಡಗಿತು. ಎಷ್ಟು ಹೊತ್ತು ಹಾಗೆ ಕುಣಿದೆನೋ ಗೊತ್ತಿಲ್ಲ. ಆಮೇಲೆ ಒಂದು ವಿಚಿತ್ರ ಸಪ್ಪಳ ಕೇಳಿಸಿತು. ಅಂಗಾಲು ಬಂಡೆಗಲ್ಲಿನ ಮೇಲೆ ಬೀಳುವ ಸಪ್ಪಳ. ಇಷ್ಟು ದಿನದಲ್ಲಿ ಒಮ್ಮೆಯೂ ನನ್ನ ಹೆಜ್ಜೆ ನನಗೆ ಕೇಳಿಸಿರಲಿಲ್ಲ.

ಕಣ್ಣು ತೆರೆದೆ. ಕರೆಂಟು ಹೋಗಿತ್ತು. ನಾಲ್ಕೂ ಮಗ್ಗ ನಿಂತಿದ್ದವು. ಹುಡುಗಿಯರೆಲ್ಲ ಇದ್ದಲ್ಲೇ ನಿಂತು, ಕತ್ತು ತಿರುಗಿಸಿ ನನ್ನನ್ನೇ ನೋಡುತ್ತಿದ್ದರು. ನಾಚಿಕೆಯಿಂದ ನನ್ನ ಕಾಲು ತಡವರಿಸಿತು.

"ನಿಲ್ಲಬ್ಯಾಡ್ರಿ," ಎಂದರು ಅಕ್ಕಾರು. ಅಷ್ಟು ಮೆಲ್ಲಗೆ ಅವರು ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಆಮೇಲೆ ಹುಡುಗಿಯರ ಕಡೆ ತಿರುಗಿದರು.

"ಯಾಕ ನಿಂತೀರಿ? ಇವರ ಕಾಲ ಕೇಳ್ರಿ. ಅದನ್ನ ಹಿಡೀರಿ."

ಮುಂದಿನ ಸಾಲಿನವಳು ಮೊದಲು ಕಾಲೆತ್ತಿದಳು, ಅವಳ ಹಿಂದೆ ಇನ್ನೊಬ್ಬಳು, ಆಮೇಲೆ ಎಲ್ಲರೂ. ಹದಿನೈದು ಮಕ್ಕಳು ನನ್ನ ಹೆಜ್ಜೆ ಹಿಡಿದು ಕುಣಿಯುತ್ತಿದ್ದರು. ನನಗೆ ಅಳು ಬಂದಿತ್ತು, ಮೂಗು ಸೋರುತ್ತಿತ್ತು, ಒರೆಸಿಕೊಳ್ಳಲು ಕೈ ಬಿಡುವಂತಿರಲಿಲ್ಲ. ತಪ್ಪಿದರೆ ಅಷ್ಟೂ ಮಕ್ಕಳು ತಪ್ಪುತ್ತಿದ್ದರು. ನಾನು ತಪ್ಪಲಿಲ್ಲ.