ತಂತಿಬಲೆಯ ಹಿಂದಿನ ಅಪ್ಪ

ನಾಸಿಕದ ಹತ್ತಿರ ಓಝರಿನ ವಿಮಾನ ಕಾರ್ಖಾನೆಯ ದತ್ತು ಗಲಗಲಿಯವರು "ಮಕ್ಕಳ ಆಟರೀ, ಸೋಲು ಗೆಲುವು ಯಾರಿಗೆ ಬೇಕು" ಅನ್ನುತ್ತಲೇ ಮಗಳ ಸಾಫ್ಟ್‌ಬಾಲ್ ಮ್ಯಾಚಿಗೆ ಎಲ್ಲರಿಗಿಂತ ಮೊದಲು ಬಂದು ತಂತಿಬಲೆಗೆ ಮೂಗು ಹಚ್ಚಿ ನಿಲ್ಲುವವರು. ಕಾರ್ಖಾನೆಯಲ್ಲಿ ಅವರದು ತಪಾಸಣೆ ಕೆಲಸ. ಕೂದಲೆಳೆಯಷ್ಟು ಹೆಚ್ಚುಕಮ್ಮಿಯಾದ ಬಿಡಿಭಾಗವನ್ನೂ ವಾಪಸ್ ಕಳಿಸುವ ಆ ಕಣ್ಣು ಇಲ್ಲಿ ಮಗಳ ಮೊಣಕೈ ಮೇಲೆಯೇ ಇರುತ್ತದೆ. ಅಂಪೈರನನ್ನು ಮರಾಠಿಯಲ್ಲಿ ಬೈದು, ಕೋಚಿಗೆ ಹಿಂದಿಯಲ್ಲಿ ಬುದ್ಧಿ ಹೇಳಿ, ಎದುರಿನವರಿಗೆ ತಿಳಿಯಬಾರದ ಗುಟ್ಟಿಗೆಂದು ಬಿಜಾಪುರದ ಕನ್ನಡವನ್ನು ಕಾದಿಟ್ಟುಕೊಂಡಿದ್ದಾರೆ: "ಸಮೀಕ್ಷಾ, ಜೋರ ಬ್ಯಾಡ, ಮೆಲ್ಲಕ ತಟ್ಟಿ ಓಡು!" ವಾಳೂಜಿನ ತಂಡ ನಾಸಿಕಕ್ಕೆ ಬಂದ ದಿನ ಮಾತ್ರ, ಅವರು ಕೂಗಿದ್ದೇ ತಡ, ಚೆಂಡು ಬೀಳುವ ಜಾಗಕ್ಕೆ ಎದುರಿನ ಹುಡುಗಿಯರು ಮೊದಲೇ ಬಂದು ನಿಲ್ಲುತ್ತಿದ್ದರು. ಗೆದ್ದ ಮೇಲೆ ಆ ತಂಡದ ಕ್ಯಾಚರ್ ಮುಖದ ಜಾಲರಿ ತೆಗೆದು ನಕ್ಕಳು: "ನಮ್ದು ಗದಗರಿ ಕಾಕಾ, ನಮಗೂ ಕನ್ನಡ ತಿಳೀತದ. ನಮ್ಮಪ್ಪಾರೂ ಹಿಂಗ ಒದರ್ತಿದ್ರು. ನಾ ಆಟಾನ ಬಿಡ್ತೀನಿ ಅಂದೆ. ಈಗ ಅವರು ಮ್ಯಾಚಿಗೆ ಬರೂದಿಲ್ಲ." ಗಲಗಲಿಯವರು ಹೊಟ್ಟೆ ತುಂಬ ನಕ್ಕು, ಮಗಳೂ ನಗುತ್ತಿರಬೇಕೆಂದು ತಿರುಗಿದರು. ಸಮೀಕ್ಷಾ ಆ ಹುಡುಗಿಯನ್ನೇ ನೋಡುತ್ತಿದ್ದಳು, ಆಸೆಗಣ್ಣಿನಿಂದ.