ಒಂದು ಬಾಗಿಲು, ಎರಡು ಒಲೆ

ಎಂಬತ್ತೊಂದರ ಜನಗಣತಿ ಕೆಲಸಕ್ಕೆ ನನ್ನನ್ನು ಹಾಕಿದಾಗ ನಾನು ಮಾನ್ವಿಯ ಪ್ರಾಥಮಿಕ ಶಾಲೆಯೊಂದರಲ್ಲಿ ಶಿಕ್ಷಕಿಯಾಗಿ ಎರಡು ವರ್ಷವಾಗಿತ್ತು. ಆಗ ನನಗೆ ಇಪ್ಪತ್ತನಾಲ್ಕು ವಯಸ್ಸು. ರಾಯಚೂರಿನ ನಮ್ಮ ಮನೆ ಬಿಟ್ಟು ಬಂದು, ಇನ್ನೊಬ್ಬ ಶಿಕ್ಷಕಿಯ ಮನೆಯಲ್ಲಿ ಒಂದು ಕೋಣೆ ಹಿಡಿದಿದ್ದೆ. ತಹಸೀಲ್ದಾರರ ಕಚೇರಿಯ ವರಾಂಡದಲ್ಲಿ ತರಬೇತಿ ನಡೆಯಿತು. ಅಷ್ಟೂ ಮಾಸ್ತರರ ನಡುವೆ ನಾವು ಇಬ್ಬರೇ ಹೆಂಗಸರು. ಊರೊಳಗಿನ ಮುಸ್ಲಿಂ ಓಣಿಯನ್ನೂ ಅದಕ್ಕೆ ಹೊಂದಿಕೊಂಡ ಕೂಲಿಕಾರರ ಮನೆಗಳನ್ನೂ ನನಗೆ ಕೊಟ್ಟರು. ಗಂಡಸರು ಹೋದರೆ ಹೊಸ್ತಿಲ ಮೇಲೆ ನಿಂತು ಬರೆಯಬೇಕು, ನೀವಾದರೆ ಒಳಗೇ ಹೋಗಬಹುದು ಎಂಬುದು ಅವರು ಹೇಳಿದ ಕಾರಣ.

ತರಬೇತಿಯಲ್ಲಿ ಮೊದಲ ದಿನವೇ ಕುಟುಂಬ ಎಂದರೇನು ಎಂದು ಹೇಳಿಕೊಟ್ಟರು. ಒಂದೇ ಒಲೆಯ ಮೇಲೆ ಬೇಯಿಸಿದ್ದನ್ನು ಉಣ್ಣುವವರು ಒಂದು ಕುಟುಂಬ. ಒಂದೇ ಮನೆಯಲ್ಲಿದ್ದರೂ ಒಲೆ ಬೇರೆಯಾದರೆ ಕುಟುಂಬ ಬೇರೆ. ಹಿಂದೆ ಕೂತಿದ್ದ ಮಾಸ್ತರರೊಬ್ಬರು ತಮ್ಮ ಅಣ್ಣತಮ್ಮಂದಿರ ಮನೆಯ ಉದಾಹರಣೆ ಕೊಟ್ಟು ಎಲ್ಲರನ್ನೂ ನಗಿಸಿದರು. ತರಬೇತಿ ಕೊಡುವವರು ಇನ್ನೊಂದು ಮಾತನ್ನೂ ಹೇಳಿದರು: ಹೆಂಗಸರ ಕೆಲಸದ ಬಗ್ಗೆ ಗಂಡಸರನ್ನು ಕೇಳಿ ಸುಮ್ಮನಾಗಬೇಡಿ, ಅವರನ್ನೇ ಕೇಳಿ.

ನನಗೆ ಎಪ್ಪತ್ತೊಂದರ ಗಣತಿ ನೆನಪಾಯಿತು. ಆಗ ನಾನು ಶಾಲೆಗೆ ಹೋಗುತ್ತಿದ್ದ ಹುಡುಗಿ. ರಾಯಚೂರಿನ ನಮ್ಮ ಮನೆಗೆ ಬಂದ ಗಣತಿಯವರಿಗೆ ಅಪ್ಪ ಬಾಗಿಲಲ್ಲೇ ನಿಂತು ಎಲ್ಲರ ಉತ್ತರ ಕೊಟ್ಟಿದ್ದರು. ಅವ್ವನ ವಯಸ್ಸು ಕೇಳಿದಾಗ ಅಪ್ಪ ಒಳಗೆ ತಿರುಗಿ ಕೂಗಿದರು. "ರಜಾಕಾರರ ಗದ್ದಲದಾಗ ನಾನು ಈ ಮನಿಗೆ ಬಂದೀನಿ, ಲೆಕ್ಕ ಹಾಕ್ಕೊಳ್ರಿ" ಎಂದಳು ಅವ್ವ. ಕೆಲಸ ಏನು ಎಂದು ಕೇಳಿದಾಗ ಅಪ್ಪನೇ, "ಏನೂ ಇಲ್ರಿ, ಮನ್ಯಾಗ ಇರ್ತಾಳ" ಎಂದರು. ಅವ್ವ ಆ ಹೊತ್ತಿಗೆ ಒಳಗೆ ಕೂತು ಮುತ್ತುಗದ ಎಲೆಗಳ ಪತ್ರಾವಳಿ ಹಚ್ಚುತ್ತಿದ್ದಳು. ವರ್ಷವಿಡೀ ಹಚ್ಚಿ ಖಾನಾವಳಿಗಳಿಗೆ ಕೊಡುತ್ತಿದ್ದಳು. ಅಪ್ಪನ ಮಾತು ಅವ್ವನಿಗೂ ತಪ್ಪೆನಿಸಲಿಲ್ಲ, ನನಗೂ ಅನಿಸಲಿಲ್ಲ.

ನನ್ನ ಪಾಲಿನ ಮನೆಗಳಲ್ಲಿ ಹೆಚ್ಚಿನವು ಒಂದೇ ಕೋಣೆಯವು. ಒಂದೊಂದು ಕೋಣೆಯಲ್ಲಿ ಏಳು, ಎಂಟು ಮಂದಿ. ಓದು ಬರಹದ ಸಾಲಿನಲ್ಲಿ ಹೆಂಗಸರ ಹೆಸರಿನ ಮುಂದೆ ಇಲ್ಲ, ಇಲ್ಲ ಎಂದು ಬರೆಯುತ್ತ ಹೋದೆ. ವಯಸ್ಸು ಯಾರಿಗೂ ಗೊತ್ತಿರಲಿಲ್ಲ. "ಉಮರ್ ಕಿಸ್ಕು ಮಾಲೂಮ್ ಮಾ, ತುಮೀಚ್ ಲಿಖ್ ಲೇವ್" ಎಂದು ಒಬ್ಬ ಅಜ್ಜಿ ತನ್ನ ವಯಸ್ಸನ್ನು ನನಗೇ ಬಿಟ್ಟುಕೊಟ್ಟಳು. ಅವಳ ಮೊಮ್ಮಗನ ವಯಸ್ಸಿನಿಂದ ಹಿಂದಕ್ಕೆ ಎಣಿಸಿ ಬರೆದೆ. ಇಂಥ ಲೆಕ್ಕಗಳಿಗೆ ಎರಡೇ ದಿನದಲ್ಲಿ ಒಗ್ಗಿಹೋದೆ. ನನಗೆ ಆ ಗಣತಿ ಇವತ್ತಿಗೂ ನೆನಪಿರುವುದು ಓಣಿಯ ಕೊನೆಯ ಒಂದು ಮನೆಯಿಂದ.

ಅದು ಒಬ್ಬ ಗೌಂಡಿಯ ಮನೆ. ಓಣಿಯ ಹೊಸ ಗೋಡೆಗಳಲ್ಲಿ ಅರ್ಧ ಅವನೇ ಕಟ್ಟಿದ್ದು, ನಮ್ಮ ಶಾಲೆಯ ಕಂಪೌಂಡು ಸಹ. ಹಿಂದಿನ ವರ್ಷ ಗಣತಿಯ ಮೊದಲ ಸುತ್ತಿನಲ್ಲಿ ಮನೆಪಟ್ಟಿ ಮಾಡಲು ಹೋದಾಗ ಅವನೇ ನಿಂತು ಉತ್ತರ ಹೇಳಿದ್ದ. ಒಂದು ಮನೆ, ಒಂದು ಕುಟುಂಬ ಎಂದು ಬರೆದುಕೊಂಡು, ಬಾಗಿಲ ಮೇಲೆ ಕಾವಿಯಲ್ಲಿ ನಂಬರು ಹಾಕಿ ಬಂದಿದ್ದೆ. ಈ ಸಲ ಮಧ್ಯಾಹ್ನ ಹೋದಾಗ ಅವನು ಸಿರವಾರಕ್ಕೆ ಕೆಲಸಕ್ಕೆ ಹೋಗಿದ್ದ. ಅವನ ಹೆಂಡತಿ ಚಾಪೆ ಹಾಸಿ ಕೂರಿಸಿದಳು. ಗಂಡ, ತಾನು, ನಾಲ್ಕು ಮಕ್ಕಳು ಎಂದು ಒಬ್ಬೊಬ್ಬರನ್ನಾಗಿ ಹೇಳಿದಳು. ದೊಡ್ಡ ಹುಡುಗಿಗೆ ಹನ್ನೊಂದು. ಮತ್ತೆ ಯಾರಾದರೂ ಇದ್ದಾರೆಯೇ ಎಂದಾಗ ಅವಳು ಹಿತ್ತಲಿನ ಕಡೆ ಗದ್ದ ಎತ್ತಿದಳು.

"ಅಕ್ಕ ಅದಾಳ್ರಿ. ನಮ್ಮವರ ಮೊದಲನೇ ಹೆಂಡ್ತಿ. ಅಕಿಗೆ ಮಕ್ಕಳಾಗಲಿಲ್ಲ. ಅಕಿದು ಅಕಿನ್ನೇ ಕೇಳ್ರಿ."

ಹಿತ್ತಲಲ್ಲಿ ಹಿಂದೊಮ್ಮೆ ಆಡು ಕಟ್ಟುತ್ತಿದ್ದ ಒಂದು ಚಪ್ಪರವಿತ್ತು. ಅದರ ಮುಂದೆ ನಲವತ್ತರ ಆಸುಪಾಸಿನ ಹೆಂಗಸೊಬ್ಬಳು ಕಾಲಿಗೆ ನೀರು ಹಾಕಿಕೊಂಡು ಕೆಸರು ತಿಕ್ಕುತ್ತಿದ್ದಳು. ಬೇಸಿಗೆ ಭತ್ತದ ನಾಟಿಯ ದಿನಗಳು. ಅವಳು ಆಗಷ್ಟೇ ಗದ್ದೆಯಿಂದ ಬಂದಿದ್ದಳು. ನಾನು ಯಾರೆಂದು ಹೇಳಿದೆ. ಅವಳಿಗೆ ಆಗಲೇ ಗೊತ್ತಿತ್ತು.

"ನಂದು ಅವರ ಜೋಡಿ ಬರೀಬ್ಯಾಡ್ರಿ ಅಕ್ಕೋರೆ. ಬ್ಯಾರೆ ಬರೀರಿ."

"ಯಾಕವ್ವ?"

"ನನ್ನ ಒಲಿ ಬ್ಯಾರೆ ಅದ."

ಅವಳು ಪಕ್ಕಕ್ಕೆ ಸರಿದಳು. ಚಪ್ಪರದ ಒಳಗೆ ಮಣ್ಣಿನ ಒಲೆ, ಎರಡು ಬೋಗುಣಿ, ಜೋಳದ ಹಿಟ್ಟಿನ ಡಬ್ಬಿ, ಸುತ್ತಿಟ್ಟ ಕೌದಿ. ಯಾವಾಗಿನಿಂದ ಎಂದು ಕೇಳಿದೆ. "ಆ ದೊಡ್ಡ ಹುಡುಗಿ ಹುಟ್ಟಿದಾಗಿನಿಂದ" ಎಂದಳು. ಆ ಹುಡುಗಿಯ ಮುಂದೆ ಹನ್ನೊಂದು ಎಂದು ಬರೆದ ಶಾಯಿ ಇನ್ನೂ ಸರಿಯಾಗಿ ಆರಿರಲಿಲ್ಲ.

ಹೊಸ ಹಾಳೆ ತೆಗೆದೆ. ಕುಟುಂಬದ ಮುಖ್ಯಸ್ಥರು ಎಂಬಲ್ಲಿ ಅವಳ ಹೆಸರನ್ನೇ ಬರೆದೆ. ಕೆಲಸ ಏನು ಎಂದರೆ, ನಾಟಿ, ಕಳೆ, ಕೊಯ್ಲು, ಅದಿಲ್ಲದಾಗ ಮಣ್ಣು ಹೊರುವುದು ಎಂದಳು. ಕೆಲವು ಕಡೆಗೆ ಮಾತ್ರ ಕೊಟ್ಟಿದ್ದ, ಹೆಚ್ಚು ಪ್ರಶ್ನೆಗಳ ಉದ್ದದ ಚೀಟಿ ನನ್ನ ಪಾಲಿಗೆ ಬಂದಿತ್ತು. ಅದರಲ್ಲಿ ಮದುವೆಯಾದ ಹೆಂಗಸರಿಗೆ ಹುಟ್ಟಿದ ಮಕ್ಕಳೆಷ್ಟು, ಈಗ ಇರುವವರೆಷ್ಟು ಎಂಬ ಪ್ರಶ್ನೆಯೂ ಇತ್ತು. ಎರಡನೆಯ ಹೆಂಡತಿಯ ಮಾತು ಕೇಳಿದ್ದರಿಂದ ಸೊನ್ನೆ ಹಾಕಲು ಕೈ ಹೋಯಿತು. ಆದರೂ ಕೇಳಲೇಬೇಕೆಂದು ಕೇಳಿದೆ.

ಅವಳು ಕಾಲಿನ ನೀರು ಒರೆಸಿಕೊಂಡಳು. ನನ್ನ ಎದುರಿಗೆ ಬಂದು ಕೂತಳು.

"ಸತ್ತವನ್ನೂ ಹೇಳ್ಬೇಕೇನ್ರಿ?"

"ಹೇಳ್ಬೇಕು."

"ಮೊದಲಿಂದು ಹನ್ನೆರಡು ದಿನ ಇತ್ತು. ಕಡೀದು ಮೂರು ತಿಂಗಳ. ನಡುವಿಂದು ಹುಟ್ಟಿ ಒಮ್ಮೆ ಅತ್ತು ಹೋತು. ಅದನ್ನ ಹಿಡೀತಾರೇನ್ರಿ?"

ತರಬೇತಿಯಲ್ಲಿ ಕೊಟ್ಟ ಪುಸ್ತಕದಲ್ಲಿ ಇದ್ದದ್ದನ್ನೇ ಹೇಳಿದೆ. "ಅತ್ತಿದ್ರ ಹಿಡೀತಾರ."

"ಹಂಗಾದ್ರ ಮೂರು."

ಮೂರು ಎಂದು ಬರೆದೆ. ಈಗ ಇರುವವರು ಎಂಬಲ್ಲಿ ಸೊನ್ನೆ. ಇದನ್ನು ಈ ಮೊದಲು ತನ್ನನ್ನು ಯಾರೂ ಕೇಳಿರಲಿಲ್ಲ ಎಂದಳು. ದುಃಖದಿಂದ ಹೇಳಿದಂತೆ ಕಾಣಲಿಲ್ಲ. ಆಮೇಲೆ, ಹೀಗೆ ಬರೆದರೆ ತನಗೆ ಬೇರೆ ರೇಷನ್ ಕಾರ್ಡು ಬರುತ್ತದೆಯೇ ಎಂದು ಕೇಳಿದಳು. ಸಕ್ಕರೆ, ಚಿಮಣಿ ಎಣ್ಣೆ ಎಲ್ಲ ಗಂಡನ ಕಾರ್ಡಿನಲ್ಲೇ ಬರುತ್ತಿದ್ದವು. ಅವರು ಕೊಟ್ಟಾಗ ಇವಳಿಗೆ ಒಂದು ಬಾಟಲಿ.

"ಇಲ್ಲವ್ವ. ಇದಕ್ಕೂ ಅದಕ್ಕೂ ಸಂಬಂಧ ಇಲ್ಲ. ಇದನ್ನ ಯಾರಿಗೂ ತೋರಿಸಂಗೂ ಇಲ್ಲ."

ಅವಳು ಒಲೆಯ ಕಡೆ ನೋಡಿದಳು. "ಬರ್ಲಿ ಬಿಡ್ಲಿ. ಇದ್ದದ್ದು ಬರೀರಿ" ಎಂದಳು. ಚಪ್ಪರದ ಕಂಬದ ಮೇಲೆ ಕಾವಿಯಲ್ಲಿ ಹೊಸ ನಂಬರು ಬರೆದು ಹೊರಟೆ.

ಮರುದಿನ ಸಣ್ಣ ಬಿಡುವಿನಲ್ಲಿ ಗೌಂಡಿ ಶಾಲೆಗೆ ಬಂದ. ಒಗೆದ ಅಂಗಿ ಹಾಕಿಕೊಂಡಿದ್ದ. ದನಿ ಏರಿಸಲಿಲ್ಲ.

"ನನ್ನ ಮನಿ ಎರಡು ಮಾಡೀರಂತಲ್ಲ ಅಕ್ಕೋರೆ. ನಾನು ಕಟ್ಟಿದ ಮನಿ ಅದು. ಒಂದೇ ಬಾಗಲ ಇಟ್ಟೀನಿ."

ಬಾಗಿಲು ನೋಡಿ ಬರೆಯುವುದಿಲ್ಲ, ಒಲೆ ನೋಡಿ ಬರೆಯಬೇಕು ಎಂದೆ.

"ಅಕಿಗೆ ನಾನು ಅನ್ನ ಹಾಕಂಗಿಲ್ಲ ಅಂತ ಸರ್ಕಾರದ ಕಾಗದದಾಗ ಬರದಂಗ ಆತಲ್ರಿ. ಕೂಲಿ ಅಂತನೂ ಬರದೀರಿ. ನಮ್ಮ ಮನಿ ಹೆಣ್ಮಕ್ಕಳು ಕೂಲಿಗೆ ಹೋಗಂಗಿಲ್ಲ."

"ಆ ಕಾಗದ ಯಾರೂ ನೋಡಂಗಿಲ್ರಿ."

"ನೀವು ನೋಡೀರಲ್ಲ" ಎಂದ.

ಅವನು ನೇರವಾಗಿ ನಮ್ಮ ಮೇಲ್ವಿಚಾರಕರ ಹತ್ತಿರ ಹೋದ. ಅವರು ಬೇರೆ ಶಾಲೆಯ ಹೆಡ್‌ಮಾಸ್ತರರು, ನಿವೃತ್ತಿ ಹತ್ತಿರವಿತ್ತು, ತಂಟೆ ತಕರಾರು ಬೇಡವೆನ್ನುವ ಮನುಷ್ಯ. ಸಂಜೆ ನನ್ನನ್ನು ಕರೆಸಿ, "ತಿದ್ದಿಬಿಡ್ರಿ. ಅಕಿ ಈ ಹಾಳ್ಯಾಗ ಇದ್ರೇನು, ಆ ಹಾಳ್ಯಾಗ ಇದ್ರೇನು. ತಲಿ ಎಣಿಕಿ ಅಷ್ಟೇ ಆಗ್ತದಲ್ಲ" ಎಂದರು. ಅವರ ಮಾತೂ ಒಂದು ಲೆಕ್ಕಕ್ಕೆ ಸರಿಯೇ ಇತ್ತು. ವಾದಿಸುವ ಧೈರ್ಯ ನನಗಿರಲಿಲ್ಲ. "ಒಮ್ಮೆ ನೀವೇ ಬಂದು ನೋಡ್ರಿ ಸರ್" ಎಂದಷ್ಟೇ ಹೇಳಿದೆ. ಹೇಗೂ ಕೆಲವು ಮನೆಗಳನ್ನು ಅವರು ತಪಾಸಣೆ ಮಾಡಲೇಬೇಕಿತ್ತು. ಒಪ್ಪಿಕೊಂಡರು.

ಎರಡು ದಿನ ಬಿಟ್ಟು ಬೆಳಿಗ್ಗೆ ಹೋದೆವು. ಗೌಂಡಿ ಬಾಗಿಲಲ್ಲಿ ನಿಂತಿದ್ದ. ಎರಡನೆಯ ಹೆಂಡತಿ ಸಣ್ಣ ಮಗುವನ್ನು ಸೊಂಟದ ಮೇಲೆ ಇಟ್ಟುಕೊಂಡಿದ್ದಳು. ಮೊದಲನೆಯವಳು ಹಿತ್ತಲ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು.

"ಒಂದೇ ಒಲಿ ಅದರೀ ಸರ್. ಅಕಿ ನೀರು ಕಾಸಾಕ ಅಂತ ಅಲ್ಲೊಂದು ಇಟ್ಕೊಂಡಾಳ" ಎಂದ ಗೌಂಡಿ.

ಹೆಡ್‌ಮಾಸ್ತರರು ಮೊದಲನೆಯವಳ ಕಡೆ ನೋಡಿದರು. ನನ್ನೆದುರು ಅಷ್ಟು ಸ್ಪಷ್ಟವಾಗಿ ಮಾತಾಡಿದ್ದವಳು ಗಂಡನ ಮುಂದೆ ಬಾಯಿಬಿಡಲಿಲ್ಲ. ಸೆರಗು ಎಳೆದುಕೊಂಡು ನೆಲ ನೋಡಿದಳು. ಹೆಡ್‌ಮಾಸ್ತರರು ಜೇಬಿನಿಂದ ಪೆನ್ನು ತೆಗೆದು ನನ್ನ ಹಾಳೆ ಕೇಳಿದರು. ಕೊಟ್ಟೆ. ಮುಚ್ಚಳ ತೆಗೆಯುತ್ತ, ಸುಮ್ಮನೆ ಮಾತಿಗೆ ಎಂಬಂತೆ ಎರಡನೆಯವಳನ್ನು ಕೇಳಿದರು.

"ನೀನೇ ಅಲ್ಲೇನವ್ವ ಅಡಗಿ ಮಾಡಾಕಿ? ದಿನಾ ಎಷ್ಟು ಮಂದಿಗೆ ರೊಟ್ಟಿ ಬಡೀತಿ?"

"ಆರು ಮಂದಿಗೆ ರೀ."

"ಮನ್ಯಾಗ ಏಳು ಮಂದಿ ಅದೀರಲ್ಲ?"

ಅವಳು ಗಂಡನ ಮುಖ ನೋಡಲಿಲ್ಲ. ಮಗುವನ್ನು ಇನ್ನೊಂದು ಸೊಂಟಕ್ಕೆ ಬದಲಾಯಿಸಿಕೊಂಡಳು.

"ಅಕ್ಕ ತನ್ನದು ತಾನ ಮಾಡ್ಕೊಂತಾಳ್ರಿ. ಮೊದಲಿಂದ್ಲೂ."

ಹೆಡ್‌ಮಾಸ್ತರರು ಪೆನ್ನಿನ ಮುಚ್ಚಳ ಹಾಕಿ ಹಾಳೆಯನ್ನು ನನಗೆ ವಾಪಸು ಕೊಟ್ಟರು. "ಇರ್ಲಿ ಬಿಡ್ರಿ, ಬರದದ್ದು ಸರಿ ಅದ" ಎಂದು ಹೊರಗೆ ನಡೆದರು. ಗೌಂಡಿ ಎರಡನೆಯ ಹೆಂಡತಿಯ ಕಡೆ ಒಮ್ಮೆ ನೋಡಿ ಸೈಕಲ್ಲು ಹತ್ತಿ ಹೋದ. ಅವನು ಆಮೇಲೆ ಎಂಟು ದಿನ ಸಿರವಾರದ ಕೆಲಸದ ಜಾಗದಲ್ಲೇ ಉಳಿದನೆಂದು ಪಕ್ಕದ ಮನೆಯವರು ಹೇಳಿದರು. ಅವಳು ಬೇಕೆಂದೇ ಹಾಗೆ ಹೇಳಿದಳೋ, ಕೇಳಿದ್ದಕ್ಕೆ ಬಾಯಿಂದ ನಿಜ ಬಂದುಬಿಟ್ಟಿತೋ ನನಗೆ ತಿಳಿಯಲಿಲ್ಲ. ಕೇಳಲೂ ಇಲ್ಲ.

ಚಪ್ಪರದ ಕಂಬದ ಮೇಲೆ ನಾನು ಬರೆದ ಹೊಸ ನಂಬರಿಗೆ ವಾರದೊಳಗೆ ಯಾರೋ ಸಗಣಿ ಮೆತ್ತಿದ್ದರು. ಅಷ್ಟರಲ್ಲಿ ಚೀಟಿಗಳ ಕಟ್ಟು ತಾಲೂಕು ಕಚೇರಿಗೆ ಹೋಗಿಯಾಗಿತ್ತು.

ಬೇಸಿಗೆ ರಜೆ ಮುಗಿಸಿ ರಾಯಚೂರಿನಿಂದ ಮರಳಿದಾಗ ಆ ಮೊದಲನೆಯವಳು ಶಾಲೆಯ ಹತ್ತಿರ ಬಂದಳು. ಗಣತಿಯ ಕಾಗದದಿಂದ ಕಾರ್ಡು ಬರದಿದ್ದರೆ ಯಾವ ಕಾಗದದಿಂದ ಬರುತ್ತದೆ ಎಂದು ಕೇಳಿದಳು. ಅರ್ಜಿ ಬರೆದುಕೊಟ್ಟೆ, ಹೆಬ್ಬೆಟ್ಟು ಒತ್ತಿದಳು. ಕಚೇರಿಯಲ್ಲಿ ಎರಡು ಸಲ ತಿರುಗಿಸಿ ಕಳಿಸಿದರು. ಗಂಡ ಬದುಕಿದ್ದಾನೆ, ಅವನ ಸಹಿ ಬೇಕು ಎಂದರಂತೆ. ನಾಟಿಯ ಕೂಲಿ ಬಿಟ್ಟು ಮತ್ತೆ ಮತ್ತೆ ಹೋದಳು. ಕಡೆಗೆ ನಾನು ಆ ಹೆಡ್‌ಮಾಸ್ತರರಿಗೇ ಹೇಳಿದೆ. ಅವರು, "ಇದು ನಮ್ಮ ಕೆಲಸ ಅಲ್ರಿ" ಎಂದು ಗೊಣಗಿದರು. ಮಾರನೆಯ ವಾರ ಅವರೇ ಕಚೇರಿಗೆ ಹೋಗಿ, ತಾವು ಕಣ್ಣಾರೆ ನೋಡಿದ್ದೇವೆ, ಒಲೆ ಬೇರೆ ಇದೆ ಎಂದು ಹೇಳಿ ಬಂದರು. ಇನ್‌ಸ್ಪೆಕ್ಟರು ಬಂದು ಚಪ್ಪರದಲ್ಲಿ ಇಣುಕಿ ಹೋದ. ದಸರೆಯ ಹೊತ್ತಿಗೆ ಕಾರ್ಡು ಬಂತು.

ಅವಳು ಅದನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ತಂದು ಓದಿಸಿಕೊಂಡಳು. ಒಟ್ಟು ಸದಸ್ಯರು ಒಂದು ಎಂದು ಓದಿದೆ.

"ಒಬ್ಬಾಕಿಗೇ ಕುಟುಂಬ ಅಂತಾರೇನ್ರಿ?"

"ಅಂತಾರ."

ಅವಳಿಗೆ ನಗು ಬಂತು. ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು.

ಕೆಲವು ವರ್ಷಗಳಾದ ಮೇಲೆ ರಾಯಚೂರಿನ ಗ್ರಂಥಾಲಯದಲ್ಲಿ ಆ ಗಣತಿಯ ಜಿಲ್ಲಾ ಪುಸ್ತಕ ನನ್ನ ಕೈಗೆ ಸಿಕ್ಕಿತು. ಮಾನ್ವಿಯ ಸಾಲನ್ನು ಹುಡುಕಿದೆ. ಮನೆಗಳೆಷ್ಟು, ಕುಟುಂಬಗಳೆಷ್ಟು, ಕೂಲಿ ಮಾಡುವ ಹೆಂಗಸರೆಷ್ಟು ಎಂದು ಅಂಕಿಗಳಿದ್ದವು. ಮನೆಗಳಿಗಿಂತ ಕುಟುಂಬಗಳು ಹೆಚ್ಚು. ಹಾಗಾದರೆ ಇಂಥ ಹಿತ್ತಲುಗಳು ಬೇರೆಯವೂ ಇದ್ದವು ಎಂದುಕೊಂಡೆ. ನಾನು ಮೊದಲ ಸುತ್ತಿನಲ್ಲಿ ಗಂಡಸರ ಮಾತು ಕೇಳಿ ಬರೆದ ಎಷ್ಟು ಮನೆಗಳು ಹಾಗೆಯೇ ಉಳಿದುಹೋದವೋ ಅದು ಮಾತ್ರ ಆ ಪುಸ್ತಕದಲ್ಲಿ ಸಿಗುವಂತಿರಲಿಲ್ಲ.

ಆ ದಶಕದ ಕೊನೆಗೆ ನನಗೆ ದೇವದುರ್ಗಕ್ಕೆ ವರ್ಗವಾಯಿತು. ಒಂದು ಬೆಳಿಗ್ಗೆ ಬಸ್‌ಸ್ಟ್ಯಾಂಡಿನಲ್ಲಿ ಮಾನ್ವಿಯ ಬಸ್ಸಿನಿಂದ ಗೌಂಡಿಯ ಮೊದಲ ಹೆಂಡತಿ ಇಳಿದಳು. ಕೂದಲು ಬೆಳ್ಳಗಾಗಿತ್ತು, ನಡಿಗೆ ಮೊದಲಿನದೇ. ಕೈಯಲ್ಲಿ ಒಂದು ದೊಡ್ಡ ಡಬ್ಬಿ, ಬಗಲಲ್ಲಿ ಗಂಟು. ನನ್ನನ್ನು ಅವಳೇ ಮೊದಲು ಗುರುತಿಸಿದಳು.

ಗೌಂಡಿಯ ದೊಡ್ಡ ಹುಡುಗಿಯನ್ನು ದೇವದುರ್ಗಕ್ಕೆ ಕೊಟ್ಟಿದ್ದರು. ಅವಳಿಗೆ ಇಲ್ಲಿನ ಆಸ್ಪತ್ರೆಯಲ್ಲಿ ಹೆರಿಗೆಯಾಗಿ ಮೂರು ದಿನವಾಗಿತ್ತು.

"ಅಕಿ ಅವ್ವಗ ಕಣ್ಣು ಸರಿ ಕಾಣಂಗಿಲ್ರಿ ಈಗ. ಬಾಣಂತನಕ್ಕ ನಾನ ಬಂದೀನಿ. ಅಂಟಿನುಂಡಿ ಇಬ್ಬರೂ ಕೂಡಿ ಕಟ್ಟಿವಿ" ಎಂದು ಬಾಣಂತಿಗೆಂದು ಕಟ್ಟಿದ ಉಂಡೆಗಳ ಡಬ್ಬಿ ತೋರಿಸಿದಳು.

ಗಂಡನನ್ನು ಕೇಳಿದೆ. ಹೈದರಾಬಾದಿಗೆ ಗೌಂಡಿ ಕೆಲಸಕ್ಕೆ ಹೋಗುತ್ತಾನೆ, ಹಬ್ಬಕ್ಕೆ ಬರುತ್ತಾನೆ ಎಂದಳು. ಈಗಲೂ ಬೇರೆಯಾಗಿಯೇ ಇರುತ್ತೀರಾ ಎಂದದ್ದಕ್ಕೆ, "ಹೌದ್ರಿ, ಹಂಗ ಅದ. ಅದ್ರಾಗ ಏನದ" ಎಂದಳು. ನನಗೆ ಮದುವೆಯಾಯಿತೇ, ಮಕ್ಕಳೆಷ್ಟು ಎಂದು ತಿರುಗಿ ಕೇಳಿದಳು. ಎರಡು ಎಂದೆ.

ಹುಡುಗಿಯ ಗಂಡನ ಮನೆ ಯಾವ ಓಣಿಯಲ್ಲಿ ಎಂದು ಅವಳಿಗೆ ಸರಿಯಾಗಿ ತಿಳಿದಿರಲಿಲ್ಲ. ಕೇಳುತ್ತ ಕೇಳುತ್ತ ಇಬ್ಬರೂ ಹೋದೆವು. ಚಹಾ ಕುಡಿದು ಹೋಗೋಣ ಎಂದರೆ ಕೇಳಲಿಲ್ಲ. ಕೂಸಿಗೆ ಎರೆಯುವ ಹೊತ್ತಾಗಿದೆ, ಆ ಮನೆಯವರಿಗೆ ಎರೆಯಲು ಬರುತ್ತದೋ ಇಲ್ಲವೋ ಎಂದು ಬಿರಬಿರನೆ ನಡೆದಳು. ಮನೆ ಸಿಕ್ಕಿತು. ಅವಳು ಗಂಟನ್ನು ಕಟ್ಟೆಯ ಮೇಲೆ ಇಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಒಳಗೆ ಹೋದಳು. "ನೀರು ಕಾಸೀರೇನು?" ಎಂದು ಕೇಳುವುದು ಹೊರಗೆ ಕೇಳಿಸಿತು. ನನಗೆ ಶಾಲೆಗೆ ಹೊತ್ತಾಗಿತ್ತು, ಹೊರಟೆ.